ಸಿಡಿಲಿನ ಸಂದರ್ಭದಲ್ಲಿ ವಾಹನ ಪ್ರಯಾಣಿಕರು ಅನುಸರಿಸಬೇಕಾದ ಸುರಕ್ಷತಾ ಕ್ರಮಗಳು

ಕೊಡಗು ಜಿಲ್ಲೆ, ಸೋಮವಾರಪೇಟೆ ತಾಲ್ಲೂಕಿನ ಶನಿವಾರಸಂತೆ ಹೋಬಳಿಯಲ್ಲಿ ಮುಂಗಾರಿಗೆ ಮುನ್ನ ಏಪ್ರಿಲ್-ಮೇ ತಿಂಗಳುಗಳಲ್ಲಿಯೂ, ನಂತರ ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿಯೂ ಮಧ್ಯಾಹ್ನದ ಬಳಿಕ ಗುಡುಗು-ಸಿಡಿಲಿನ ಮಳೆ ಬೀಳುವುದು ಸಾಮಾನ್ಯವಾಗಿದೆ. ತೋಟದ ಕಾರ್ಮಿಕರು ಮನೆಗೆ ಮರಳುವ ಹಾಗೂ ಸಂತೆಗೆ ಬಂದವರು ಕೊಡ್ಲಿಪೇಟೆ, ಸೋಮವಾರಪೇಟೆ ಕಡೆಗೆ ಹಿಂದಿರುಗುವ ವೇಳೆಯೂ ಇದೇ ಆಗಿರುವುದರಿಂದ ಸಾರ್ವಜನಿಕರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಅಗತ್ಯ.

ವಾಹನವು ರಕ್ಷಣೆ ನೀಡುವ ಬಗೆ

ರಬ್ಬರ್ ಟೈರುಗಳೇ ಪ್ರಯಾಣಿಕರನ್ನು ಸಿಡಿಲಿನಿಂದ ಕಾಪಾಡುತ್ತವೆ ಎಂಬ ನಂಬಿಕೆ ಸರಿಯಲ್ಲ. ಮೋಡದಿಂದ ಭೂಮಿಯವರೆಗೆ ಗಾಳಿಯನ್ನೇ ಸೀಳಿಕೊಂಡು ಬರುವ ವಿದ್ಯುತ್ತಿಗೆ ಟೈರಿನ ದಪ್ಪವು ತಡೆಯಾಗಲಾರದು. ರಕ್ಷಣೆ ನೀಡುವುದು ವಾಹನದ ಲೋಹದ ಹೊರಕವಚ. ಸಿಡಿಲಿನ ವಿದ್ಯುತ್ ಈ ಕವಚದ ಹೊರಮೈಯ ಮೂಲಕ ಹರಿದು ನೆಲ ಸೇರುತ್ತದೆ. ಈ ತತ್ತ್ವವನ್ನು ವಿಜ್ಞಾನಿ ಮೈಕೆಲ್ ಫ್ಯಾರಡೆ 1836ರಲ್ಲಿ ಪ್ರಯೋಗದಿಂದ ತೋರಿಸಿದರು.

ಆದ್ದರಿಂದ ಲೋಹದ ಚಾವಣಿಯುಳ್ಳ ಕಾರು, ಬಸ್ಸು ಮತ್ತು ವ್ಯಾನುಗಳು ಬಹುಮಟ್ಟಿಗೆ ಸುರಕ್ಷಿತ. ದ್ವಿಚಕ್ರ ವಾಹನ, ಬಟ್ಟೆಯ ಹೊದಿಕೆಯ ಜೀಪು ಮತ್ತು ಆಟೋರಿಕ್ಷಾ, ತೆರೆದ ಪಿಕಪ್ ಹಾಗೂ ಮುಚ್ಚಿದ ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್‌ಗಳು ಸುರಕ್ಷಿತವಲ್ಲ.

ಅನುಸರಿಸಬೇಕಾದ ಕ್ರಮಗಳು

1. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದಲ್ಲಿ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ ಎಂದು ತಿಳಿಯತಕ್ಕದ್ದು. ದ್ವಿಚಕ್ರ ಅಥವಾ ತೆರೆದ ವಾಹನದಲ್ಲಿರುವವರು ಕೂಡಲೇ ಸಮೀಪದ ಪಕ್ಕಾ ಕಟ್ಟಡವನ್ನು ಸೇರತಕ್ಕದ್ದು.
2. ಕಾರು ಅಥವಾ ಬಸ್ಸಿನ ಎಲ್ಲಾ ಗಾಜುಗಳನ್ನು ಮುಚ್ಚತಕ್ಕದ್ದು. ಕಿಟಕಿಯ ಸರಳು, ಬಾಗಿಲಿನ ಲೋಹದ ಹಿಡಿ, ಚಾರ್ಜರ್‌ಗೆ ಜೋಡಿಸಿದ ಮೊಬೈಲ್ ಇವುಗಳನ್ನು ಮುಟ್ಟಬಾರದು.
3. ತೋಟದ ಅಂಚಿನ ಸಿಲ್ವರ್ ಓಕ್ ಮುಂತಾದ ಎತ್ತರದ ಮರಗಳ ಕೆಳಗೆ ಅಥವಾ ವಿದ್ಯುತ್ ತಂತಿಗಳ ಕೆಳಗೆ ವಾಹನವನ್ನು ನಿಲ್ಲಿಸಬಾರದು.
4. ಕೊನೆಯ ಗುಡುಗು ಕೇಳಿಸಿದ ನಂತರ 30 ನಿಮಿಷಗಳವರೆಗೆ ಕೆಳಗಿಳಿಯಬಾರದು.
5. ವಾಹನದ ಮೇಲೆ ವಿದ್ಯುತ್ ತಂತಿ ಬಿದ್ದಲ್ಲಿ ಒಳಗೇ ಇದ್ದು 1912 ಅಥವಾ 112ಕ್ಕೆ ಕರೆ ಮಾಡತಕ್ಕದ್ದು. ಬೆಂಕಿ ಹತ್ತಿದಲ್ಲಿ ಮಾತ್ರ, ವಾಹನವನ್ನೂ ನೆಲವನ್ನೂ ಏಕಕಾಲಕ್ಕೆ ಮುಟ್ಟದಂತೆ ಎರಡೂ ಕಾಲು ಜೋಡಿಸಿ ಹೊರಗೆ ಜಿಗಿದು, ಕಾಲುಗಳನ್ನು ಅಗಲಿಸದೆ ದೂರ ಸರಿಯತಕ್ಕದ್ದು.

ಸಿಡಿಲಿನ ಮುನ್ಸೂಚನೆಗಾಗಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯು ರೂಪಿಸಿರುವ 'ದಾಮಿನಿ' ಮೊಬೈಲ್ ಆ್ಯಪ್ ಅನ್ನು ಬಳಸಬಹುದು.

ಅವಘಡ ಸಂಭವಿಸಿದಲ್ಲಿ

ಸಿಡಿಲು ಬಡಿದವರ ದೇಹದಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಅವರನ್ನು ಮುಟ್ಟಲು ಭಯಪಡಬೇಕಾಗಿಲ್ಲ. ಉಸಿರಾಟ ನಿಂತಿದ್ದಲ್ಲಿ ತಕ್ಷಣ ಎದೆಯ ಮಧ್ಯಭಾಗವನ್ನು ಒತ್ತುವ ಪ್ರಥಮ ಚಿಕಿತ್ಸೆ ಆರಂಭಿಸಿ, 108ಕ್ಕೆ ಕರೆ ಮಾಡತಕ್ಕದ್ದು. ಈ ಮೊದಲ ಕೆಲವು ನಿಮಿಷಗಳಲ್ಲಿ ದೊರೆಯುವ ನೆರವಿನಿಂದ ಜೀವ ಉಳಿಯುವ ಸಾಧ್ಯತೆಯಿದೆ.

ಜೀವಹಾನಿಯಾದಲ್ಲಿ ಪೊಲೀಸ್ ಠಾಣೆಗೂ ಗ್ರಾಮ ಆಡಳಿತ ಅಧಿಕಾರಿಗೂ ಕೂಡಲೇ ಮಾಹಿತಿ ನೀಡತಕ್ಕದ್ದು. ಪರಿಹಾರದ ಅರ್ಜಿಗೆ ಮರಣೋತ್ತರ ಪರೀಕ್ಷಾ ವರದಿಯು ಮುಖ್ಯ ದಾಖಲೆಯಾಗಿರುವುದರಿಂದ, ಆ ಪರೀಕ್ಷೆಗೆ ಮುನ್ನ ಅಂತ್ಯಕ್ರಿಯೆ ನಡೆಸಬಾರದು. ಹೆಚ್ಚಿನ ವಿವರಗಳಿಗೆ ಸಂಬಂಧಪಟ್ಟ ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.