ಸಣ್ಣ ಕಾರಿನ ಎಂಜಿನು: ಅಂಕೆಗಳೂ ಬಾಳಿಕೆಯೂ

ಮೋಟಾರು ಕಾರನ್ನು ಕೊಳ್ಳಹೊರಟವರ ಕೈಗೆ ಮೊದಲು ಬರುವುದು ಅದರ ವಿವರಪಟ್ಟಿ. ಇಷ್ಟು ಘನ ಸೆಂಟಿಮೀಟರು, ಇಷ್ಟು ಅಶ್ವಶಕ್ತಿ, ಇಷ್ಟು ಟಾರ್ಕ್ ಎಂದು ಅದರಲ್ಲಿ ಅಂಕೆಗಳು ಸಾಲುಗಟ್ಟಿರುತ್ತವೆ. ಆದರೆ ಕೊಳ್ಳುವವರ ಮನಸ್ಸಿನಲ್ಲಿರುವ ಪ್ರಶ್ನೆಯೇ ಬೇರೆ: ಈ ಗಾಡಿ ನಡುದಾರಿಯಲ್ಲಿ ಕೈಕೊಡದೆ ಎಷ್ಟು ವರ್ಷ ಓಡೀತು? ಇದಕ್ಕೆ ಉತ್ತರವು ಪಟ್ಟಿಯಲ್ಲಿ ಅಚ್ಚಾಗಿರುವುದಿಲ್ಲ. ಹಾಗೆಂದು ಆ ಅಂಕೆಗಳು ನಿರರ್ಥಕವೂ ಅಲ್ಲ. ಭೌತವಿಜ್ಞಾನದ ನೆರವಿನಿಂದ ಅವುಗಳನ್ನು ಓದಿದರೆ ಬಾಳಿಕೆಯ ಗುಟ್ಟು ಬಹುಮಟ್ಟಿಗೆ ತಿಳಿಯುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಮಾರುತಿ 800ಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ ತಯಾರಿಕೆ ನಿಂತುದು 2014ರ ಜನವರಿಯಲ್ಲಿ. ಈ 30 ವರ್ಷಗಳಲ್ಲಿ 25 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದುವು. ಜಪಾನಿನ ಸುಜುಕಿ ಸಂಸ್ಥೆಯು ರೂಪಿಸಿದ ಇದರ ಎಂಜಿನಿಗೆ ಎಫ್8ಬಿ ಎಂದು ಹೆಸರು.

ಅಂಕೆಗಳು ಹೇಳುವುದೇನು?

ಎಂಜಿನಿನಲ್ಲಿ ಮೂರು ಸಿಲಿಂಡರುಗಳಿವೆ. ಪ್ರತಿಯೊಂದರ ಒಳವ್ಯಾಸ 68.5 ಮಿಲಿಮೀಟರು, ಪಿಸ್ಟನ್ನಿನ ಓಟ 72 ಮಿಲಿಮೀಟರು. ವೃತ್ತದ ವಿಸ್ತೀರ್ಣವನ್ನು ಓಟದಿಂದ ಗುಣಿಸಿದರೆ ಒಂದು ಸಿಲಿಂಡರಿಗೆ ಸುಮಾರು 265 ಘನ ಸೆಂಟಿಮೀಟರು, ಮೂರಕ್ಕೆ 796. ಕಾರಿನ ಹೆಸರಿನಲ್ಲಿರುವ 800 ಬಂದುದು ಇದರಿಂದಲೇ.

ಕಾರ್ಬ್ಯುರೇಟರ್ ಇದ್ದ ಮೊದಲಿನ ಮಾದರಿಗಳಲ್ಲಿ ಈ ಎಂಜಿನಿನ ಗರಿಷ್ಠ ಶಕ್ತಿ ನಿಮಿಷಕ್ಕೆ 5000 ಸುತ್ತುಗಳಲ್ಲಿ 37 ಅಶ್ವಶಕ್ತಿ, ಎಂದರೆ 27.6 ಕಿಲೋವಾಟ್. ಗರಿಷ್ಠ ಟಾರ್ಕ್ 2500 ಸುತ್ತುಗಳಲ್ಲಿ 59 ನ್ಯೂಟನ್-ಮೀಟರು. ಟಾರ್ಕನ್ನು ಕೋನವೇಗದಿಂದ ಗುಣಿಸಿದರೆ ಶಕ್ತಿ ದೊರೆಯುವುದೆಂದು ವಿದ್ಯಾರ್ಥಿಗಳು ಬಲ್ಲರು. ಆ ಪ್ರಕಾರ 2500 ಸುತ್ತುಗಳಲ್ಲಿ ದೊರೆಯುವ ಶಕ್ತಿ 15.4 ಕಿಲೋವಾಟ್. ವೇಗ ಅರ್ಧಕ್ಕಿಳಿದರೂ ಶಕ್ತಿ ಅರ್ಧಕ್ಕಿಂತ ಹೆಚ್ಚಾಗಿಯೇ ಉಳಿಯಿತು. ಸುಮಾರು 650 ಕಿಲೋಗ್ರಾಂ ತೂಗುವ ಹಗುರವಾದ ಕಾರಿಗೆ ದಿನನಿತ್ಯದ ಓಡಾಟದಲ್ಲಿ ಇಷ್ಟು ಸಾಕು.

ಇದರಿಂದ ಆಗುವ ಲಾಭವೇನೆಂಬುದನ್ನು ನೋಡೋಣ. ಪಿಸ್ಟನ್ನು ಪ್ರತಿ ಓಟದ ಕೊನೆಯಲ್ಲಿ ನಿಂತು ಹಿಂದಿರುಗಬೇಕು. ಸಂಪರ್ಕದಂಡದ ಓರೆಯನ್ನು ಬದಿಗಿರಿಸಿ ಲೆಕ್ಕ ಮಾಡಿದರೆ, 5000 ಸುತ್ತುಗಳಲ್ಲಿ ಆ ಕ್ಷಣದ ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷದ ಸುಮಾರು 1000 ಪಟ್ಟು! ಆದರೆ ಇದು ಸುತ್ತುಗಳ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, 2500 ಸುತ್ತುಗಳಲ್ಲಿ ಕೇವಲ 250 ಪಟ್ಟು. ವೇಗವನ್ನು ಅರ್ಧಕ್ಕಿಳಿಸಿದ ಮಾತ್ರಕ್ಕೆ ಬೇರಿಂಗುಗಳ ಮೇಲೆ ಬೀಳುವ ಜಡತ್ವದ ಬಲವು ಕಾಲುಭಾಗಕ್ಕೆ ಇಳಿಯಿತು. ಎಂಜಿನಿನ ಬಾಳಿಕೆಗೆ ಮೊದಲನೆಯ ಕಾರಣ ಇದೇ: ಅದು ತನ್ನ ಶಕ್ತಿಯ ಮೇರೆಯಿಂದ ಬಹು ದೂರದಲ್ಲಿ ಕೆಲಸ ಮಾಡುತ್ತದೆ.

ಎರಡನೆಯ ಕಾರಣ ಸರಳತೆ. ಒಂದು ಯಂತ್ರದಲ್ಲಿ 100 ಭಾಗಗಳಿದ್ದು, ಒಂದೊಂದೂ ಕೆಡದೆ ಉಳಿಯುವ ಸಂಭಾವ್ಯತೆ 0.999 ಎಂದು ಭಾವಿಸಿ. ಯಾವುದೇ ಒಂದು ಕೆಟ್ಟರೂ ಯಂತ್ರ ನಿಲ್ಲುವುದಾದರೆ, ಇಡೀ ಯಂತ್ರ ಉಳಿಯುವ ಸಂಭಾವ್ಯತೆ ಸುಮಾರು 0.90. ಭಾಗಗಳು 200 ಆದರೆ ಅದು 0.82ಕ್ಕೆ ಇಳಿಯುತ್ತದೆ. ನಾಲ್ಕರ ಬದಲು ಮೂರು ಸಿಲಿಂಡರುಗಳಿದ್ದರೆ ಪಿಸ್ಟನ್, ಕವಾಟ, ಬೇರಿಂಗುಗಳು ಅಷ್ಟರಮಟ್ಟಿಗೆ ಕಡಿಮೆ. ಇದಕ್ಕೆ ತೆರುವ ಬೆಲೆ ಸ್ವಲ್ಪ ಅದುರಾಟ. ಎಂಜಿನನ್ನು ಹೊತ್ತ ರಬ್ಬರಿನ ಆಧಾರಗಳು ಅದನ್ನು ಬಹುಮಟ್ಟಿಗೆ ನುಂಗಿಕೊಳ್ಳುತ್ತವೆ.

ಬಿಸಿಲು ಮತ್ತು ಧೂಳು

ಪಟ್ಟಿಯ ಅಂಕೆಗಳು ಎಲ್ಲ ಊರಿಗೂ ಒಂದೇ. ಆದರೆ ಎಂಜಿನು ಓಡುವ ಗಾಳಿ ಎಲ್ಲೆಡೆಯೂ ಒಂದೇ ಅಲ್ಲ. ವಿಜಯಪುರ ಜಿಲ್ಲೆಯ ಮುಳವಾಡ, ಇಂಡಿ, ಸಿಂದಗಿಗಳ ಸೀಮೆಯಲ್ಲಿ ಬೇಸಗೆಯ ಉಷ್ಣತೆ 40 ಡಿಗ್ರಿಯನ್ನು ಮೀರುವುದುಂಟು.

ಪೆಟ್ರೋಲಿನ ಶಾಖದಲ್ಲಿ ಸುಮಾರು ಕಾಲುಭಾಗ ಮಾತ್ರ ಕೆಲಸವಾಗಿ ಮಾರ್ಪಡುತ್ತದೆ. ಉಳಿದುದರಲ್ಲಿ ಒಂದು ಪಾಲು ಹೊಗೆಯೊಡನೆ ಹೋದರೆ, ಇನ್ನೊಂದು ಪಾಲನ್ನು ತಂಪುನೀರು ಹೊತ್ತೊಯ್ಯಬೇಕು. ಎಂಜಿನು 15 ಕಿಲೋವಾಟ್ ಕೆಲಸ ಮಾಡುವಾಗ ನೀರಿಗೆ ಸೇರುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಎಂದರೆ ಒಂದು ಕಿಲೋವಾಟಿನ 15 ವಿದ್ಯುತ್ ಒಲೆಗಳು ಏಕಕಾಲದಲ್ಲಿ ಉರಿದಂತೆ. ರೇಡಿಯೇಟರು ಹೊರಚೆಲ್ಲುವ ಶಾಖವು ನೀರಿಗೂ ಹೊರಗಾಳಿಗೂ ಇರುವ ಉಷ್ಣತಾ ವ್ಯತ್ಯಾಸವನ್ನು ಅವಲಂಬಿಸಿದೆ. ನೀರು 90 ಡಿಗ್ರಿಯಲ್ಲಿದ್ದು ಗಾಳಿ 25 ಡಿಗ್ರಿ ಇದ್ದಾಗ ವ್ಯತ್ಯಾಸ 65. ಗಾಳಿ 42 ಡಿಗ್ರಿಯಾದರೆ 48 ಮಾತ್ರ. ರೇಡಿಯೇಟರಿನ ಸಾಮರ್ಥ್ಯದಲ್ಲಿ ಕಾಲುಭಾಗ ಬಿಸಿಲಿಗೇ ಹೋಯಿತು. ಇದರ ಮೇಲೆ, ಗಡಸು ನೀರನ್ನು ತುಂಬಿದರೆ ಕೊಳವೆಗಳ ಒಳಗೆ ಸುಣ್ಣದ ಪೊರೆ ಕಟ್ಟಿ ಉಳಿದ ಸಾಮರ್ಥ್ಯವೂ ಕುಗ್ಗುತ್ತದೆ.

ರೇಡಿಯೇಟರಿನ ಮುಚ್ಚಳವೂ ಅಲ್ಪ ವಸ್ತುವಲ್ಲ. ಅದು ಒಳಗಿನ ಒತ್ತಡವನ್ನು ವಾಯುಮಂಡಲದ ಒತ್ತಡದ ಇಮ್ಮಡಿಯ ಸಮೀಪಕ್ಕೆ ಏರಗೊಟ್ಟರೆ, ನೀರಿನ ಕುದಿಬಿಂದು 100ರಿಂದ 120 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಮುಚ್ಚಳದ ರಬ್ಬರು ಸವೆದರೆ ಈ ರಕ್ಷಣೆ ಇಲ್ಲವಾಗುತ್ತದೆ. ನೀರು ಕುದಿದುಹೋದರೆ ಎಂಜಿನಿನ ಅಲ್ಯೂಮಿನಿಯಂ ತಲೆಭಾಗವು ಮಿತಿಮೀರಿ ಕಾಯ್ದು ಡೊಂಕಾಗುತ್ತದೆ. ಅದರಡಿಯ ಗ್ಯಾಸ್ಕೆಟ್ಟು ಸುಟ್ಟು, ನೀರು ಸಿಲಿಂಡರಿಗೂ ಎಣ್ಣೆಗೂ ಸೇರಬಹುದು. ವರ್ಷಗಟ್ಟಲೆ ಬಾಳಬೇಕಾದ ಎಂಜಿನು ಹೀಗೆ ಹತ್ತು ನಿಮಿಷಗಳಲ್ಲಿ ಹಾಳಾಗಬಲ್ಲದು.

ಇನ್ನು ಧೂಳು. ನಾಲ್ಕು ಹಂತದ ಎಂಜಿನಾದುದರಿಂದ ಎರಡು ಸುತ್ತುಗಳಿಗೊಮ್ಮೆ 796 ಘನ ಸೆಂಟಿಮೀಟರಿನಷ್ಟು ಸ್ಥಳ ಗಾಳಿಯಿಂದ ತುಂಬಬೇಕು. 3000 ಸುತ್ತುಗಳಲ್ಲಿ ಪೂರ್ಣ ಶಕ್ತಿಯಿಂದ ಓಡುವಾಗ ಗಂಟೆಗೆ ಸುಮಾರು 60 ಘನಮೀಟರು ಗಾಳಿ, ಎಂದರೆ ಒಂದು ದೊಡ್ಡ ಕೋಣೆಯ ಗಾಳಿಯೆಲ್ಲ, ಎಂಜಿನಿನೊಳಗೆ ಹಾದುಹೋಗುತ್ತದೆ. ಮಣ್ಣಿನ ಧೂಳಿನಲ್ಲಿರುವ ಸಿಲಿಕಾ ಕಣಗಳು ಎರಕದ ಕಬ್ಬಿಣಕ್ಕಿಂತ ಗಟ್ಟಿ. ಸೋಸುಕ ಹರಿದಿದ್ದರೆ ಆ ಕಣಗಳು ಎಣ್ಣೆಯೊಡನೆ ಬೆರೆತು ಸಾಣೆಯ ಪುಡಿಯಂತೆ ಸಿಲಿಂಡರನ್ನೂ ಪಿಸ್ಟನ್ ಬಳೆಗಳನ್ನೂ ಸವೆಸುತ್ತವೆ.

ಬಾಳಿಕೆ ಬಂದರೂ ನಿವೃತ್ತಿ

ಇಷ್ಟು ಬಾಳಿಕೆಯ ಎಂಜಿನುಳ್ಳ ಕಾರಿನ ತಯಾರಿಕೆ ನಿಂತುದೇಕೆ? ಕಾರಣ ಯಂತ್ರದ ದೌರ್ಬಲ್ಯವಲ್ಲ. ಹೊಗೆಯ ನಿಯಮಗಳು ಬಿಗಿಯಾಗುತ್ತ ಬಂದಂತೆ ಕಾರ್ಬ್ಯುರೇಟರಿನ ಸ್ಥಾನಕ್ಕೆ ಪೆಟ್ರೋಲನ್ನು ಅಳೆದು ಚಿಮುಕಿಸುವ ಇಂಜೆಕ್ಷನ್ ವ್ಯವಸ್ಥೆ ಬಂದಿತು. 2010ರ ಏಪ್ರಿಲ್‌ನಲ್ಲಿ ಬೆಂಗಳೂರು, ಸೊಲ್ಲಾಪುರ ಮೊದಲಾದ ನಗರಗಳಲ್ಲಿ ಭಾರತ್ ಸ್ಟೇಜ್ 4 ನಿಯಮ ಜಾರಿಗೆ ಬಂದಾಗ, ಅಲ್ಲಿ ಹೊಸ ಮಾರುತಿ 800ರ ಮಾರಾಟ ನಿಂತುಹೋಯಿತು. ಯಂತ್ರವು ಕೆಡದೆ ಓಡುವುದು ಒಂದು ಗುಣ, ಗಾಳಿಯನ್ನು ಕೆಡಿಸದೆ ಓಡುವುದು ಇನ್ನೊಂದು ಗುಣ. ಮೊದಲನೆಯದಿದ್ದರೆ ಎರಡನೆಯದೂ ಇದ್ದಂತಾಗಲಿಲ್ಲ.

ಹಳೆಯ ಸಣ್ಣ ಕಾರನ್ನು ಪರೀಕ್ಷಿಸುವವರು ಅಶ್ವಶಕ್ತಿಗಿಂತ ಮೊದಲು ಬೇರೆ ಕೆಲವು ಕುರುಹುಗಳನ್ನು ನೋಡಬೇಕು. ತಣ್ಣಗಿರುವಾಗ ಮುಚ್ಚಳ ತೆಗೆದರೆ ನೀರಿನಲ್ಲಿ ತುಕ್ಕು ಅಥವಾ ಎಣ್ಣೆಯ ಪಸೆ ಕಾಣಬಾರದು. ಎಣ್ಣೆಯು ಹಾಲು ಬೆರೆತಂತೆ ಬೆಳ್ಳಗಿದ್ದರೆ ಅದಕ್ಕೆ ನೀರು ಸೇರಿರಬಹುದು. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಬಳೆಗಳು ಸವೆದಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಗಾಳಿಯ ಸೋಸುಕವನ್ನು ಬಿಚ್ಚಿ ನೋಡಬೇಕು; ಕವಾಟಗಳನ್ನು ನಡೆಸುವ ಪಟ್ಟಿಯನ್ನು ಕೊನೆಯ ಬಾರಿ ಬದಲಾಯಿಸಿದುದು ಯಾವಾಗ ಎಂದು ವಿಚಾರಿಸಬೇಕು. ಕಾರ್ಖಾನೆಯು ಎಂಜಿನಿಗೆ ಕೊಟ್ಟ ಮೀಸಲು ಸಾಮರ್ಥ್ಯ ಎಷ್ಟೇ ದೊಡ್ಡದಾಗಿರಲಿ, ಅದು ಉಳಿಯುವುದು ಸ್ವಚ್ಛವಾದ ನೀರು, ಎಣ್ಣೆ ಮತ್ತು ಗಾಳಿ ಈ ಮೂರರಿಂದ.