ಗಗನದ ಗಣಿತವೂ ಮಲೆನಾಡಿನ ಪಹಣಿಯೂ

ಕೃತಕ ಉಪಗ್ರಹವು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮೇಲೆ ಹಾದುಹೋಗುವುದು ಈಗ ಬರಿಯ ಕೌತುಕದ ಸಂಗತಿಯಾಗಿ ಉಳಿದಿಲ್ಲ. ಅದು ತೆಗೆದ ಚಿತ್ರವು ರೈತನ ಪಹಣಿಯವರೆಗೂ ಬಂದು ಮುಟ್ಟಿದೆ. ಕೆ. ಕಸ್ತೂರಿರಂಗನ್‌ರವರ ಅಧ್ಯಕ್ಷತೆಯ ಮಂಡಲಿಯು 2013ರಲ್ಲಿ ಪಶ್ಚಿಮಘಟ್ಟಗಳ ಸುಮಾರು ಶೇಕಡಾ 37 ಭಾಗವನ್ನು ಪರಿಸರಸೂಕ್ಷ್ಮವೆಂದು ಗುರುತಿಸಿದುದು ಮುಖ್ಯವಾಗಿ ಇಂಥ ಚಿತ್ರಗಳ ಆಧಾರದಿಂದಲೇ. ಈ ಮೂರು ತಾಲ್ಲೂಕುಗಳ ಹಲವು ಗ್ರಾಮಗಳು ಆ ಪಟ್ಟಿಯಲ್ಲಿ ಸೇರಿದುವು. ಅಡಕೆ, ಕಾಫಿ ತೋಟಗಳನ್ನು ಕಾಡೆಂದು ಎಣಿಸಿದರೆಂಬ ದೂರು ಅಂದಿನಿಂದಲೂ ಇದ್ದೇ ಇದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟವು ವರದಿಯನ್ನು ನಿರಾಕರಿಸಿತು. ವರದಿಯ ಗುಣದೋಷಗಳನ್ನು ನಾವು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಗಗನದಲ್ಲಿ ನಡೆದ ಲೆಕ್ಕವನ್ನು ನೆಲದ ಮೇಲಿನವನು ಪರೀಕ್ಷಿಸಬಲ್ಲನೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಲೆಕ್ಕದ ಮೊದಲ ಮೆಟ್ಟಿಲನ್ನಂತೂ ಪರೀಕ್ಷಿಸಬಲ್ಲನು. ಭೂಚಿತ್ರ ತೆಗೆಯುವ ನಮ್ಮ ಉಪಗ್ರಹಗಳು ಸುಮಾರು 800 ಕಿಲೋಮೀಟರು ಎತ್ತರದಲ್ಲಿ, ಸೆಕೆಂಡಿಗೆ ಏಳು ಕಿಲೋಮೀಟರಿಗೂ ಮಿಕ್ಕ ವೇಗದಿಂದ ಓಡುವುವು. ಕಾಲದಲ್ಲಿ ಒಂದು ಸೆಕೆಂಡು ತಪ್ಪಿದರೆ ನೆಲದ ಮೇಲೆ ಆರು ಕಿಲೋಮೀಟರಿಗಿಂತ ಹೆಚ್ಚು ತಪ್ಪುತ್ತದೆ. ಆಮೇಲೆ ನೆಲದ ಗುರುತುಗಳಿಗೆ ಹೊಂದಿಸಿ ತಿದ್ದಬೇಕಾಗುತ್ತದೆ. ಭೂಮಿಯಾದರೋ ಪೂರ್ಣಗೋಲವಲ್ಲ. ಅದರ ನಡುವಿನ ಉಬ್ಬು ಕಕ್ಷೆಯನ್ನೇ ದಿನದಿನಕ್ಕೂ ಅಷ್ಟಷ್ಟು ತಿರುಗಿಸುತ್ತದೆ. ವಿರಳವಾದ ವಾಯುವಿನ ತಡೆ, ಸೂರ್ಯಚಂದ್ರರ ಸೆಳೆತ, ಬಿಸಿಲಿನ ಒತ್ತಡ, ಎಲ್ಲವನ್ನೂ ಕೂಡಿಸಿ ಎಣಿಸಬೇಕು.

ಈ ಎಣಿಕೆಯ ಸಾಫ್ಟ್‌ವೇರುಗಳು ಇಂದು ಯಾರಿಗಾದರೂ ಬಿಟ್ಟಿಯಾಗಿ ದೊರೆಯುವುವು. ಎಸ್‌ಜಿಪಿ4 ಎಂಬ ಕ್ರಮವನ್ನು ಅಮೆರಿಕದವರು 1980ರಲ್ಲಿಯೇ ಮೂಲಸಂಕೇತ ಸಹಿತ ಪ್ರಕಟಿಸಿದರು. ಫ್ರಾನ್ಸಿನ ಒಂದು ಕಂಪೆನಿಯು ತಾನು ರಚಿಸಿದ ‘ಒರೆಕಿಟ್’ ಎಂಬ ಲೈಬ್ರರಿಯನ್ನು 2008ರಲ್ಲಿ ಲೋಕಕ್ಕೆ ತೆರೆದಿಟ್ಟಿತು. ನಾಸಾದ ‘ಜಿಮ್ಯಾಟ್’ ಸಹ ಅಂಥದೇ. ಒಳಗಿನ ಒಂದೊಂದು ಸೂತ್ರವನ್ನೂ ಓದಬಹುದು, ತಪ್ಪಿದ್ದರೆ ತಿದ್ದಬಹುದು.

ಕನ್ನಡ ನಾಡಿಗೆ ಈ ಔದಾರ್ಯ ಅಪರಿಚಿತವಲ್ಲ. ಬಾಗಲಕೋಟೆಯಲ್ಲಿ ಉಪಾಧ್ಯಾಯರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರು (1854–1930) ಪಾಶ್ಚಾತ್ಯ ಖಗೋಳಶಾಸ್ತ್ರದ ಅಂಕಿಗಳನ್ನು ಸಂಸ್ಕೃತ ಗ್ರಂಥಗಳಲ್ಲಿ ಅಳವಡಿಸಿ ಪಂಚಾಂಗಕರ್ತರ ಕೈಗಿತ್ತರು. ಗಣಿತವನ್ನು ಮನೆತನದ ಗುಟ್ಟಾಗಿ ಬಚ್ಚಿಟ್ಟು ಫಲವನ್ನು ಮಾತ್ರ ಮಾರುವವರು ಆಗಲೂ ಇದ್ದರು, ಈಗಲೂ ಇದ್ದಾರೆ!

ಕಕ್ಷೆಯ ಲೆಕ್ಕ ತಿಳಿದ ಮಾತ್ರಕ್ಕೆ ತೋಟದ ವ್ಯಾಜ್ಯ ತೀರದೆಂಬುದನ್ನು ನಾವು ಬಲ್ಲೆವು. ಚಿತ್ರದ ಒಂದು ಚೌಕವು 24 ಮೀಟರಿನದಾದರೆ ಅದರಲ್ಲಿ ಸುಮಾರು ಐದೂಮುಕ್ಕಾಲು ಗುಂಟೆ ಅಡಗುತ್ತದೆ. ಮರದ ನೆರಳಿನ ಕಾಫಿಗೂ ಕಾಡಿಗೂ ಅಲ್ಲಿ ಭೇದ ಕಾಣುವುದು ಕಷ್ಟ. ಅದನ್ನು ಹಸುರೆಂದವರಾರು, ಯಾವ ನಿಯಮದಿಂದ, ಎಂಬುದೇ ನಿಜವಾದ ಜಗಳ. ಆದುದರಿಂದ ಕಕ್ಷೆಯ ಲೆಕ್ಕ ತೆರೆದಿರುವಂತೆಯೇ ವರ್ಗೀಕರಣದ ಲೆಕ್ಕವೂ ಗ್ರಾಮ ಗ್ರಾಮಕ್ಕೆ ಸರ್ವೆ ನಂಬರಿನ ಸಹಿತ ತೆರೆದಿರಬೇಕೆಂದು ನಾವು ಸರಕಾರದವರನ್ನು ಕೇಳುತ್ತೇವೆ.

ಪೀಣ್ಯದ ಕೇಂದ್ರದಲ್ಲಿಯೂ ಹಾಸನದ ನಿಯಂತ್ರಣಾಲಯದಲ್ಲಿಯೂ ಈ ವಿದ್ಯೆಯ ಪಾರಂಗತರಿದ್ದಾರೆ. ದೇಶರಕ್ಷಣೆಗೆ ಬಾಧಕವಲ್ಲದ ಭಾಗಗಳನ್ನು ಅವರು ಕನ್ನಡ ವಿವರಣೆಯೊಡನೆ ಹೊರಗೆಡಹಬಾರದೇಕೆ? ಅಲ್ಲಿಯವರೆಗೆ ಕೊಪ್ಪ, ಶೃಂಗೇರಿಗಳ ಕಾಲೇಜು ಹುಡುಗರು ಒರೆಕಿಟ್ಟನ್ನೇ ಇಟ್ಟುಕೊಂಡು, ತಮ್ಮೂರಿನ ಮೇಲೆ ಉಪಗ್ರಹವು ಯಾವ ದಿನ ಎಷ್ಟು ಗಂಟೆಗೆ ಹಾದುಹೋಗುವುದೆಂದು ಎಣಿಸಿ, ಆ ದಿನದ ಚಿತ್ರವನ್ನು ತಂದೆಯ ಪಹಣಿಯ ಪಕ್ಕದಲ್ಲಿ ಹರಡಿ ನೋಡಲಿ.