ಅಕ್ಕಿಆಲೂರಿನ ನಾಣ್ಯದ ಮೇಲಿನ ಚಕ್ರವರ್ತಿ

ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನ ಹೆಸರು ರೋಮನ್ ನಾಣ್ಯಗಳ ಕುರಿತ ಗ್ರಂಥಗಳಲ್ಲಿ ಕಾಣಸಿಗುತ್ತದೆ ಎಂದರೆ ಆ ಊರಿನವರಿಗೇ ಆಶ್ಚರ್ಯವಾಗಬಹುದು. ಕಳೆದ ಶತಮಾನದಲ್ಲಿ, ಈ ಭಾಗವಿನ್ನೂ ಧಾರವಾಡ ಜಿಲ್ಲೆಗೆ ಸೇರಿದ್ದಾಗ, ಅಲ್ಲಿ ಚಿನ್ನದ ನಾಣ್ಯಗಳ ನಿಧಿಯೊಂದು ದೊರೆಯಿತು. ಎರಡನೆಯ ಥಿಯೊಡೋಸಿಯಸನಿಂದ ಮೊದಲನೆಯ ಜಸ್ಟಿನನವರೆಗೆ, ಅಂದರೆ ಕ್ರಿ.ಶ. 5ನೆಯ ಶತಮಾನದಿಂದ 6ನೆಯ ಶತಮಾನದ ಆರಂಭದವರೆಗೆ, ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಚಕ್ರವರ್ತಿಗಳ ನಾಣ್ಯಗಳು ಅದರಲ್ಲಿದ್ದವು.

‘ಸೊಲಿಡಸ್’ ಎಂಬ ಈ ನಾಣ್ಯವನ್ನು ಜಾರಿಗೆ ತಂದವನು ಚಕ್ರವರ್ತಿ ಕಾನ್‌ಸ್ಟಂಟೈನ್. ಒಂದು ರೋಮನ್ ಪೌಂಡ್ ಚಿನ್ನಕ್ಕೆ 72 ನಾಣ್ಯಗಳು. ಒಂದೊಂದರ ತೂಕ ಸುಮಾರು ನಾಲ್ಕೂವರೆ ಗ್ರಾಂ. ಸುಮಾರು 420ರಿಂದ ಥಿಯೊಡೋಸಿಯಸನ ಟಂಕಸಾಲೆಯು ಹೊಸದೊಂದು ಚಿತ್ರವನ್ನು ಮುದ್ರಿಸತೊಡಗಿತು: ರೆಕ್ಕೆಯುಳ್ಳ ವಿಜಯದೇವತೆಯ ಕೈಯಲ್ಲಿ ಎತ್ತರವಾದ ಶಿಲುಬೆ. ಕರಿಮೆಣಸು ಮೊದಲಾದ ಸರಕುಗಳ ಬೆಲೆಯಾಗಿ ಕಡಲು ದಾಟಿ ಬಂದ ಈ ಚಿನ್ನ ನಮ್ಮಲ್ಲಿ ಚಲಾವಣೆಗಿಂತ ಹೆಚ್ಚಾಗಿ ಒಡವೆಯಾಗಿ ಬಾಳಿತು. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ಅನೇಕ ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲಿ ಎರಡು ರಂಧ್ರಗಳಿವೆ. ಕಾಸಿನ ಸರದಂತೆ ಪೋಣಿಸಿ ಧರಿಸಿದ್ದರ ಗುರುತು ಅದು. ಇದರಿಂದ ಅಂದು ಹಾನಗಲ್ಲು ಸೀಮೆಯಲ್ಲಿ ಕ್ರೈಸ್ತರಿದ್ದರೆಂದು ಹೇಳಲಾಗದು. ಶಿಲುಬೆಯ ಚಿತ್ರ ಇಲ್ಲಿಗೆ ಬಂದದ್ದು ವ್ಯಾಪಾರದ ದಾರಿಯಿಂದ.

ಆಗ ವರದಾ ತೀರದ ಬನವಾಸಿಯಲ್ಲಿ ಕದಂಬರು ಆಳುತ್ತಿದ್ದರು. ಕನ್ನಡದ ಮೊದಲ ಶಾಸನಗಳಲ್ಲೊಂದೆಂದು ಪ್ರಸಿದ್ಧವಾದ ಹಲ್ಮಿಡಿ ಶಾಸನಕ್ಕೆ ವಿದ್ವಾಂಸರು ಸಾಮಾನ್ಯವಾಗಿ ಹೇಳುವ ಕಾಲ ಸುಮಾರು 450. ಥಿಯೊಡೋಸಿಯಸ್ ತೀರಿಕೊಂಡದ್ದೂ ಅದೇ ವರ್ಷ.

401ರ ಏಪ್ರಿಲ್ 10ರಂದು ಜನಿಸಿದ ಈತನನ್ನು ಮರುವರ್ಷವೇ ತಂದೆ ಅರ್ಕೇಡಿಯಸ್ ಸಹ ಚಕ್ರವರ್ತಿಯೆಂದು ಘೋಷಿಸಿದನು. 408ರಲ್ಲಿ ತಂದೆ ಗತಿಸಿದಾಗ ಬಾಲಕನಿಗೆ ಏಳೇ ವರ್ಷ. ಆಡಳಿತವನ್ನು ಮೊದಲು ಮಂತ್ರಿ ಅಂಥೀಮಿಯಸ್, ಬಳಿಕ ಅಕ್ಕ ಪುಲ್ಕೇರಿಯಾ ನಿರ್ವಹಿಸಿದರು. ಕನ್ಯಾವ್ರತ ಕೈಗೊಂಡು ಅರಮನೆಯಲ್ಲೇ ತಪಸ್ವಿನಿಯಂತೆ ಬಾಳಿದ ಪುಲ್ಕೇರಿಯಾಳನ್ನು ಧರ್ಮಸಭೆ ಸಂತಳೆಂದು ಗೌರವಿಸುತ್ತದೆ. ತಮ್ಮನಾದರೋ ಸೌಮ್ಯ ಸ್ವಭಾವದವನು. ಅಂದವಾದ ಬರವಣಿಗೆಯಿಂದಾಗಿ ‘ಲಿಪಿಕಾರ’ನೆಂದೇ ಹೆಸರಾದವನು. ಮುಂದಿಟ್ಟ ಪತ್ರಗಳಿಗೆ ಓದದೆಯೇ ಸಹಿ ಹಾಕುತ್ತಿದ್ದನೆಂದು ನಂತರದ ಇತಿಹಾಸಕಾರರು ದೂರಿದ್ದಾರೆ.

ಆದರೂ ಅವನ ಕಾಲ ಬಿಟ್ಟುಹೋದದ್ದು ಅಲ್ಪವಲ್ಲ. ಕಾನ್‌ಸ್ಟಾಂಟಿನೋಪಲ್ ನಗರವನ್ನು ಸಾವಿರ ವರ್ಷ ಕಾಪಾಡಿದ ಮಹಾಗೋಡೆಗಳು ಎದ್ದದ್ದು ಆಗಲೇ. ಇಂದಿನ ಇಸ್ತಾಂಬುಲ್‌ನಲ್ಲಿ ಅವು ಈಗಲೂ ನಿಂತಿವೆ. 425ರಲ್ಲಿ ಉನ್ನತ ವಿದ್ಯಾಪೀಠವೊಂದನ್ನು 31 ಅಧ್ಯಾಪಕರೊಂದಿಗೆ ವ್ಯವಸ್ಥೆಗೊಳಿಸಲಾಯಿತು. ಕಾನ್‌ಸ್ಟಂಟೈನನ ಕಾಲದಿಂದ ಹೊರಟ ಶಾಸನಗಳನ್ನು 16 ಸಂಪುಟಗಳಲ್ಲಿ ಕ್ರೋಡೀಕರಿಸಿ 438ರಲ್ಲಿ ‘ಥಿಯೊಡೋಸಿಯಸ್ ಸಂಹಿತೆ’ಯಾಗಿ ಪ್ರಕಟಿಸಲಾಯಿತು. ಇನ್ನೊಂದೆಡೆ ಹೂಣರ ಅಟ್ಟಿಲನನ್ನು ತಣಿಸಲು ವರ್ಷಕ್ಕೆ 700 ಪೌಂಡ್, ಮುಂದೆ 2,100 ಪೌಂಡ್ ಚಿನ್ನ ತೆರಬೇಕಾಯಿತು. ದಕ್ಷಿಣಕ್ಕೆ ಮೆಣಸಿನ ಬೆಲೆಯಾಗಿ ಹರಿದ ಚಿನ್ನವೇ ಉತ್ತರಕ್ಕೆ ಶಾಂತಿಯ ಬೆಲೆಯಾಗಿಯೂ ಹರಿಯಿತು.

ಕಥೋಲಿಕರು ಈ ಚಕ್ರವರ್ತಿಯನ್ನು ನೆನೆಯಬೇಕಾದ ಮುಖ್ಯ ಸಂದರ್ಭ 431ರ ಎಫೆಸದ ಮಹಾಸಭೆ. ಮರಿಯಮ್ಮನವರನ್ನು ‘ದೇವಮಾತೆ’ ಎಂದು ಕರೆಯುವುದನ್ನು ರಾಜಧಾನಿಯ ಧರ್ಮಾಧ್ಯಕ್ಷ ನೆಸ್ಟೋರಿಯಸ್ ಆಕ್ಷೇಪಿಸಿದನು. ಅವನನ್ನು ಆ ಪೀಠಕ್ಕೆ ತಂದವನೂ, ವಿವಾದ ಬಗೆಹರಿಸಲು ಸಭೆ ಕರೆದವನೂ ಥಿಯೊಡೋಸಿಯಸನೇ. ಅಲೆಕ್ಸಾಂಡ್ರಿಯದ ಸಂತ ಸಿರಿಲರ ನೇತೃತ್ವದ ಸಭೆ ನೆಸ್ಟೋರಿಯಸನನ್ನು ಪದಚ್ಯುತಗೊಳಿಸಿತು. ಪ್ರತಿಪಕ್ಷ ಸಿರಿಲರನ್ನೇ ಪದಚ್ಯುತರೆಂದು ಸಾರಿತು. ಗೊಂದಲಕ್ಕೊಳಗಾದ ಚಕ್ರವರ್ತಿ ಮೊದಲು ಎರಡೂ ತೀರ್ಪುಗಳನ್ನು ಒಪ್ಪಿ, ಕೊನೆಗೆ ಸಿರಿಲರ ಕಡೆಗೆ ವಾಲಿದನು. ಇಂದು ನಮ್ಮ ಮನೆಗಳಲ್ಲಿ ಜಪಸರ ಹಿಡಿದು ನಾವು ಮರಿಯಮ್ಮನವರನ್ನು ದೇವಮಾತೆಯೆಂದು ಕರೆಯುವಾಗ ಆ ಸಭೆಯ ನಿರ್ಣಯವೇ ನಮ್ಮ ನಾಲಗೆಯ ಮೇಲಿರುತ್ತದೆ.

ಆದರೆ ಇದೇ ಅರಸು ವಿಶ್ವಾಸವನ್ನು ಕಾನೂನಿನಿಂದ ಕಾಯಹೊರಟನು. ಅವನ ಸಂಹಿತೆಯ ಕೊನೆಯ ಸಂಪುಟದ ತುಂಬ ಮತವಿಷಯಕ ಶಾಸನಗಳಿವೆ. ಹಳೆಯ ದೇವರುಗಳನ್ನು ಪೂಜಿಸುವವರಿಗೆ ಶಿಕ್ಷೆ ವಿಧಿಸಲಾಯಿತು. 438ರ ಶಾಸನವೊಂದು ಯೆಹೂದ್ಯರನ್ನು ಸರ್ಕಾರಿ ಹುದ್ದೆಗಳಿಂದ ದೂರವಿಟ್ಟಿತು. ಬಲಪ್ರಯೋಗ ಕಡೆಗೆ ಕ್ರೈಸ್ತರ ಮೇಲೂ ತಿರುಗಿತು. 449ರಲ್ಲಿ ಎಫೆಸದಲ್ಲೇ ಸೇರಿದ ಮತ್ತೊಂದು ಸಭೆಯಲ್ಲಿ ಜಗದ್ಗುರು ಲಿಯೋರವರ ಪತ್ರವನ್ನು ಓದಲೂ ಬಿಡಲಿಲ್ಲ. ಧರ್ಮಾಧ್ಯಕ್ಷ ಫ್ಲೇವಿಯನರು ಹಿಂಸೆಗೊಳಗಾಗಿ ಸ್ವಲ್ಪ ಕಾಲದಲ್ಲೇ ಅಸುನೀಗಿದರು. ಪೋಪರು ಅದನ್ನು ‘ದರೋಡೆಕೋರರ ಸಭೆ’ ಎಂದರು. ಚಕ್ರವರ್ತಿ ಮಾತ್ರ ಅದನ್ನೇ ಎತ್ತಿಹಿಡಿದನು. 450ರ ಜುಲೈನಲ್ಲಿ ಕುದುರೆಯಿಂದ ಬಿದ್ದು ಅವನು ತೀರಿಕೊಂಡ ಮೇಲೆಯೇ, ಪುಲ್ಕೇರಿಯಾ ಮತ್ತು ಮಾರ್ಸಿಯನರ ಆಳ್ವಿಕೆಯಲ್ಲಿ, 451ರ ಕಾಲ್ಸಿಡನ್ ಮಹಾಸಭೆ ಆ ಅನ್ಯಾಯವನ್ನು ಸರಿಪಡಿಸಿತು.

ಈ ಬಾಳಿನಿಂದ ನಮ್ಮ ಭಾಗದ ಓದುಗರು ಗ್ರಹಿಸಬೇಕಾದದ್ದೇನು? ತಾರಕೇಶ್ವರನ ಹಾನಗಲ್ಲು, ನವಾಬರು ಆಳಿದ ಸವಣೂರು, ಸರ್ವಜ್ಞನನ್ನು ತನ್ನವನೆನ್ನುವ ಹಿರೇಕೆರೂರು, ಕನಕದಾಸರ ಬಾಡ ಗ್ರಾಮವುಳ್ಳ ಶಿಗ್ಗಾವಿ – ಇವು ಹಲವು ಭಕ್ತಿಗಳು ಅಕ್ಕಪಕ್ಕ ಬೆಳೆದ ನೆಲ. ಅದೇ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ ಮುಸ್ಲಿಮರಾಗಿ ಹುಟ್ಟಿದ ಷರೀಫರು ಬ್ರಾಹ್ಮಣರಾದ ಗೋವಿಂದಭಟ್ಟರನ್ನು ಗುರುವಾಗಿ ಸ್ವೀಕರಿಸಿದಾಗ ಯಾವ ಅರಸನ ಅಪ್ಪಣೆಯೂ ಬೇಕಾಗಲಿಲ್ಲ. ಇಲ್ಲಿ ಕ್ರೈಸ್ತರ ಸಂಖ್ಯೆ ಕಿರಿದು. ಅರಸರ ಶಾಸನ ತಮಗೆ ಅನುಕೂಲವಾಗಿದ್ದಾಗ ಮೆಚ್ಚಿ, ಪ್ರತಿಕೂಲವಾದಾಗ ಮಾತ್ರ ಮರುಗುವುದು ಯಾವ ಸಮುದಾಯಕ್ಕೂ ತಕ್ಕದ್ದಲ್ಲ. ಮನಸ್ಸಾಕ್ಷಿಯ ಸ್ವಾತಂತ್ರ್ಯ ಎಲ್ಲರಿಗೂ ಸಲ್ಲಬೇಕಾದದ್ದು. ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಇದನ್ನೇ ಸಾರಿತು. ಥಿಯೊಡೋಸಿಯಸನ ದಂಡನೆಯ ಶಾಸನಗಳು ಎಂದೋ ಬಲಗುಂದಿದವು. ಯಾರ ಬಲವಂತವೂ ಇಲ್ಲದೆ ಜನರ ತುಟಿಯ ಮೇಲೆ ಉಳಿದದ್ದು ‘ದೇವಮಾತೆ’ ಎಂಬ ನಾಮವೊಂದೇ.